ಪಗಾರವಿಲ್ಲದ ದುಡಿಮೆ: ಸ್ವತಂತ್ರ ತಂತ್ರಾಂಶಗಾರನ ಕಸುಬು

(ಡೊಂಬಿವಲಿಯಲ್ಲಿ ಕನ್ನಡ ಕಾರ್ಮಿಕ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲು ಮತ್ತು ಗಿರಣಿ ಕಾರ್ಮಿಕರ ಸಭೆಯಲ್ಲಿ ಕಂಪ್ಯೂಟರಿನ ಮಾತು ಏಕೆ ಎಂದು ತಮ್ಮಲ್ಲಿ ಕೆಲವರಿಗಾದರೂ ಅನಿಸಿರಬಹುದು. ಕಾರಣವುಂಟು. ಭಟ್ಟಿಯ ಮುಂದೆ, ಗಲ್ಲದ ಹಿಂದೆ, ಮಗ್ಗದ ಬಳಿ ಆಯುಷ್ಯ ಸವೆಸಿದವರ ಮಕ್ಕಳು ಇಂದು ಕಂಪ್ಯೂಟರ್ ಕಲಿತಿದ್ದಾರೆ. ಐರೋಲಿಯಲ್ಲೋ ಮಹಾಪೆಯಲ್ಲೋ ನಾಲ್ಕೈದು ವರ್ಷ ಕಂಪನಿಯ ಕೆಲಸ ಮಾಡುತ್ತಾರೆ. ಆಮೇಲೆ ಒಂದು ರಾತ್ರಿ ಊಟಕ್ಕೆ ಕುಳಿತಾಗ ಮಗ, “ಅಪ್ಪಾ, ನಾನು ನೌಕರಿ ಬಿಡುತ್ತೇನೆ, ಮನೆಯಲ್ಲೇ ಕುಳಿತು ಸ್ವಂತ ಕೆಲಸ ಮಾಡುತ್ತೇನೆ” ಎನ್ನುತ್ತಾನೆ. ಅಂದು ಮನೆಯಲ್ಲಿ ಯಾರಿಗೂ ನಿದ್ರೆಯಿಲ್ಲ. “ಒಂದನೇ ತಾರೀಖಿಗೆ ಪಗಾರ ಕೊಡುವವರು ಯಾರು?” ಎಂದು ತಂದೆ ಕೇಳುತ್ತಾರೆ. “ಧಣಿಯಿಲ್ಲದ ಹುಡುಗನಿಗೆ ಹೆಣ್ಣು ಕೊಡುವವರು ಯಾರು?” ಎಂದು ತಾಯಿ ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಮೊದಲನೆಯದಕ್ಕೆ ಉತ್ತರ ಸಿಕ್ಕಿದರೆ ಎರಡನೆಯದಕ್ಕೆ ತಾನಾಗಿ ಸಿಗುತ್ತದೆ. ಆದ್ದರಿಂದ ನಾನು ಮೊದಲನೆಯದನ್ನೇ ಹಿಡಿದು ಮಾತನಾಡುತ್ತೇನೆ.

ನಾನೂ ಇದೇ ಕಸುಬಿನವನು. ಇದೇ ಡೊಂಬಿವಲಿಯ ಎರಡು ಖೋಲಿಯ ಮನೆಯಲ್ಲಿ ಕುಳಿತು ಹೋಟೆಲುಗಳಿಗೆ, ಅಂಗಡಿಗಳಿಗೆ, ಸಣ್ಣ ಕಾರ್ಖಾನೆಗಳಿಗೆ ಬೇಕಾದ ತಂತ್ರಾಂಶಗಳನ್ನು ಬರೆದುಕೊಟ್ಟು ಹದಿನೈದು ವರ್ಷಗಳಿಂದ ಸಂಸಾರ ನಡೆಸಿದ್ದೇನೆ. ಆದ್ದರಿಂದ ಪುಸ್ತಕದ ಮಾತಿಗಿಂತ ಕೈಯಲ್ಲಿ ಮಾಡಿದ್ದರ ಮಾತೇ ಹೆಚ್ಚು ಬಂದೀತು. ತಾವು ಮನ್ನಿಸಬೇಕು.

ಈ ಕೆಲಸವೆಂದರೆ ಏನು?

ಗಿರಣಿಯಲ್ಲಿ ದುಡಿದ ಹಿರಿಯರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಸೀರೆಯ ಅಂಚಿಗೆ ಹೂವು ಮೂಡಿಸುವ ಮಗ್ಗವನ್ನು ತಾವು ಕಂಡಿದ್ದೀರಿ. ೧೮೦೪ರಲ್ಲಿ ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದ ಜಕಾರ್ಡ್ ಎಂಬಾತನು ತೂತು ಕೊರೆದ ರಟ್ಟಿನ ಪಟ್ಟಿಗಳಿಂದ ನಡೆಯುವ ಮಗ್ಗವನ್ನು ಮಾಡಿದನು. ಪಟ್ಟಿಯಲ್ಲಿ ತೂತು ಇದ್ದಲ್ಲಿ ಕೊಕ್ಕೆ ಏಳುತ್ತದೆ, ನೂಲು ಮೇಲೆ ಬರುತ್ತದೆ. ತೂತು ಇಲ್ಲದಲ್ಲಿ ನೂಲು ಕೆಳಗೇ ಉಳಿಯುತ್ತದೆ. ಮಗ್ಗ ಅದೇ, ನೂಲು ಅದೇ; ರಟ್ಟು ಬದಲಾದರೆ ಹೂವು ಬದಲಾಗುತ್ತದೆ. ಇಂಗ್ಲೆಂಡಿನ ಬ್ಯಾಬೇಜ್ ಎಂಬ ಗಣಿತಜ್ಞನು ೧೮೩೦ರ ದಶಕದಲ್ಲಿ ಲೆಕ್ಕ ಮಾಡುವ ಯಂತ್ರವನ್ನು ಕಲ್ಪಿಸಿದಾಗ ಈ ರಟ್ಟಿನ ಪಟ್ಟಿಯ ಉಪಾಯವನ್ನೇ ಎತ್ತಿಕೊಂಡನು. ಇಂದಿನ ಕಂಪ್ಯೂಟರಿಗೂ ಅದೇ ನ್ಯಾಯ. ಪೆಟ್ಟಿಗೆ ಮಗ್ಗವಿದ್ದಂತೆ, ತಂತ್ರಾಂಶ ರಟ್ಟಿದ್ದಂತೆ. ಆ ರಟ್ಟಿಗೆ ಎಲ್ಲಿ ತೂತು ಹಾಕಬೇಕೆಂದು ಯೋಚಿಸಿ ಬರೆಯುವವನೇ ತಂತ್ರಾಂಶಗಾರ.

ಕಂಪನಿಯ ನೌಕರನಾಗಿ ಇದನ್ನು ಬರೆದರೆ ತಿಂಗಳ ಪಗಾರ ಬರುತ್ತದೆ. ಸ್ವತಂತ್ರನಾಗಿ ಬರೆಯುವವನಿಗೆ ಎರಡು ದಾರಿಗಳುಂಟು. ಗಿರಾಕಿ ಕೇಳಿದ ಕೆಲಸವನ್ನು ಗುತ್ತಿಗೆಯಲ್ಲಿ ಮಾಡಿಕೊಡುವುದು ಒಂದು. ತಾನೇ ಒಂದು ಸರಕನ್ನು ತಯಾರಿಸಿ ನೂರಾರು ಜನಕ್ಕೆ ಮಾರುವುದು ಇನ್ನೊಂದು. ಮೊದಲನೆಯದು ಮದುವೆಮನೆಗೆ ಅಡಿಗೆ ಮಾಡಿಕೊಟ್ಟಂತೆ. ಎರಡನೆಯದು ಖಾನಾವಳಿ ತೆರೆದಂತೆ. ಅಡಿಗೆಯವನು ಖಾನಾವಳಿಯ ಯಜಮಾನನಾಗಬಲ್ಲನು. ಆದರೆ ಎರಡರ ಲೆಕ್ಕಾಚಾರ ಬೇರೆ ಬೇರೆ.

ನಮ್ಮ ಊರುಗಳ ಪಾಡು

ಈ ಪ್ರಶ್ನೆ ನಮ್ಮ ಊರುಗಳಲ್ಲೇ ಇಷ್ಟು ಬಲವಾಗಿ ಏಕೆ ಎದ್ದಿದೆ ಎಂಬುದನ್ನೂ ನೋಡಬೇಕು. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರಿನಿಂದ ಹೊರಟ ಮೊದಲ ಗಾಡಿ ಬಂದು ನಿಂತದ್ದು ಠಾಣೆಯಲ್ಲಿ. ಮರುವರ್ಷವೇ ಹಳಿ ಕಲ್ಯಾಣಕ್ಕೆ ಮುಟ್ಟಿತು. ಅಂದಿನಿಂದ ಈ ಊರುಗಳು ಮುಂಬಯಿಗೆ ದುಡಿಯುವ ಕೈಗಳನ್ನು ಕಳಿಸುತ್ತಲೇ ಬಂದಿವೆ. ೧೯೬೨ರಲ್ಲಿ ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಳ ಹುಟ್ಟಿತು. ಠಾಣೆ-ಬೇಲಾಪುರ ರಸ್ತೆಯ ಇಕ್ಕೆಲಗಳಲ್ಲಿ, ಡೊಂಬಿವಲಿಯಲ್ಲಿ ಕಾರ್ಖಾನೆಗಳೆದ್ದವು. ೧೯೭೦ರಲ್ಲಿ ಸಿಡ್ಕೋ ಸಂಸ್ಥೆ ಸ್ಥಾಪನೆಯಾಗಿ ಖಾಡಿಯ ಆಚೆ ನವಿ ಮುಂಬಯಿಯನ್ನು ಕಟ್ಟತೊಡಗಿತು.

ಆಮೇಲೆ ೧೯೮೨ರ ಜನವರಿ ೧೮ ಬಂತು. ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಗಿರಣಿ ಕಾಮಗಾರರ ಮುಷ್ಕರ ಆರಂಭವಾಯಿತು. ಅದರ ಕಥೆ ತಮಗೆ ನಾನು ಹೇಳಬೇಕಾಗಿಲ್ಲ. ಈ ಸಭೆಯ ಹಿರಿಯರಲ್ಲಿ ಅದನ್ನು ಅನುಭವಿಸಿದವರೇ ಇದ್ದಾರೆ. ಎಷ್ಟೋ ಗಿರಣಿಗಳ ಭೋಂಗಾ ಮತ್ತೆ ಕೂಗಲಿಲ್ಲ. ಲಾಲ್‌ಬಾಗ್, ಪರಳಗಳ ಚಾಳು ಬಿಟ್ಟು ಕಲ್ಯಾಣ, ಡೊಂಬಿವಲಿಗೆ ಬಂದ ಸಂಸಾರಗಳೂ ಬಹಳ. ೧೯೯೨ರಲ್ಲಿ ಖಾಡಿಯ ಮೇಲಿನ ಸೇತುವೆಯಿಂದ ಲೋಕಲ್ ಗಾಡಿ ವಾಶಿಗೆ ಬಂತು. ೨೦೦೪ರಲ್ಲಿ ಠಾಣೆಯಿಂದ ಐರೋಲಿ, ರಬಾಳೆ, ಘಣಸೋಲಿ, ಕೋಪರಖೈರಣೆ, ತುರ್ಭೆಗಳಿಗೆ ಗಾಡಿ ಓಡಿತು. ರಾಸಾಯನಿಕ ಕಾರ್ಖಾನೆಗಳ ಪಟ್ಟಿಯಲ್ಲಿ ಗಾಜಿನ ಕಟ್ಟಡಗಳು ಎದ್ದವು. ನಮ್ಮ ಮಕ್ಕಳು ಅಲ್ಲಿಗೆ ಹೋದರು.

ಗಿರಣಿಯ ಪಗಾರವೂ ಒಂದು ಕಾಲಕ್ಕೆ ಕಲ್ಲಿನ ಮೇಲೆ ಬರೆದ ಅಕ್ಷರವೆನಿಸಿತ್ತು. ಅದು ಅಳಿಸಿಹೋದುದನ್ನು ಕಂಡ ತಂದೆಯೇ ಇಂದು ಮಗನಿಗೆ, “ಪಗಾರ ಬಿಡಬೇಡ” ಎನ್ನುತ್ತಿದ್ದಾನೆ. ಆ ಹೆದರಿಕೆ ಸುಳ್ಳಲ್ಲ. ಆದರೆ ಪಗಾರ ಬರುತ್ತದೆ ಎಂದ ಮಾತ್ರಕ್ಕೆ ಬದುಕು ಭದ್ರವಾಯಿತೆಂದೂ, ಪಗಾರವಿಲ್ಲ ಎಂದ ಮಾತ್ರಕ್ಕೆ ಬೀದಿಗೆ ಬಿದ್ದೆವೆಂದೂ ತಿಳಿಯುವುದು ಸರಿಯಾಗದು. ಊರಿನಿಂದ ಬಂದು ತಟ್ಟೆ ತೊಳೆದ ಮಾಣಿಗಳು ಸಪ್ಲೈಯರರಾಗಿ, ಗಲ್ಲಕ್ಕೆ ಕುಳಿತು, ಕೊನೆಗೆ ಸ್ವಂತ ಹೋಟೆಲು ತೆರೆದದ್ದು ಈ ಊರಿನಲ್ಲೇ. ಎ. ರಾಮ ನಾಯಕರು ೧೯೪೨ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದಾಗ ಅವರಿಗೂ ಒಂದನೇ ತಾರೀಖಿಗೆ ಪಗಾರ ಕೊಡುವ ಧಣಿ ಇರಲಿಲ್ಲ. ಸ್ವತಂತ್ರ ಕಸುಬೆಂಬುದು ನಮ್ಮವರಿಗೆ ಹೊಸತಲ್ಲ. ಸರಕು ಮಾತ್ರ ಹೊಸತು.

ಮೂವರ ಕೆಲಸ

ಕಂಪ್ಯೂಟರ್ ಎಂದೊಡನೆ ಜನ ಇನ್ಫೋಸಿಸ್ ಕಥೆ ಹೇಳುತ್ತಾರೆ. ನಮ್ಮ ನಾಡಿನ ಎನ್. ಆರ್. ನಾರಾಯಣ ಮೂರ್ತಿಯವರು ಆರು ಮಂದಿ ಗೆಳೆಯರೊಡನೆ ೧೯೮೧ರಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದಿಂದ ಅದನ್ನು ಪುಣೆಯಲ್ಲಿ ಆರಂಭಿಸಿದರು. ಅದು ಸಾವಿರಾರು ನೌಕರರ ಮಹಾಸಂಸ್ಥೆಯಾಯಿತು. ಅದು ದೊಡ್ಡ ಮಾತು. ನಾನು ಹೇಳಬೇಕೆಂದಿರುವುದು ಒಬ್ಬಿಬ್ಬರು ಕುಳಿತು ಮಾಡಿದ ಕೆಲಸದ ಮಾತು.

ಮೊದಲನೆಯದು ಬೆಂಗಳೂರಿನದು. ಶ್ಯಾಮಸುಂದರ ಗೋಯಂಕಾ ಎಂಬ ವ್ಯಾಪಾರಿಗಳು ಬಟ್ಟೆಯ ಗಿರಣಿಗಳಿಗೂ ಕಾರ್ಖಾನೆಗಳಿಗೂ ಕಚ್ಚಾ ಸಾಮಾನು, ಯಂತ್ರದ ಬಿಡಿಭಾಗಗಳನ್ನು ಸರಬರಾಜು ಮಾಡುತ್ತಿದ್ದರು. ತಮ್ಮ ಲೆಕ್ಕಪತ್ರ ಇಡಲು ತಕ್ಕ ತಂತ್ರಾಂಶ ಸಿಗದೆ, ಗಣಿತ ಓದಿದ್ದ ಮಗ ಭರತ್ ಗೋಯಂಕಾಗೆ, ನೀನೇ ಒಂದನ್ನು ಮಾಡು ಎಂದರು. ೧೯೮೬ರಲ್ಲಿ ಅದು ಸಿದ್ಧವಾಯಿತು. ಅದೇ ಮುಂದೆ ‘ಟ್ಯಾಲಿ’ ಎಂಬ ಹೆಸರಿನಿಂದ ದೇಶದ ಅಂಗಡಿ ಅಂಗಡಿಗೂ ಹೊಕ್ಕಿತು. ಇಂದು ನಮ್ಮ ಹೋಟೆಲುಗಳ ಮುನೀಮರ ಮೇಜಿನ ಮೇಲೂ ಅದು ಇದೆ. ಅದರ ಗುಟ್ಟೇನು? ಆ ಕಾಲದ ಲೆಕ್ಕದ ತಂತ್ರಾಂಶಗಳಲ್ಲಿ ಪ್ರತಿಯೊಂದು ಖಾತೆಗೂ ಒಂದು ಸಂಕೇತ ಸಂಖ್ಯೆಯನ್ನು ನೆನಪಿಡಬೇಕಾಗಿತ್ತು. ಟ್ಯಾಲಿಯಲ್ಲಿ ಖಾತೆಯ ಹೆಸರನ್ನೇ ಬರೆದರೆ ಸಾಕು. ಅಂಗಡಿಯವನು ಯಂತ್ರದ ಭಾಷೆಯನ್ನು ಕಲಿಯಬೇಕಾಗಲಿಲ್ಲ. ಯಂತ್ರವೇ ಅಂಗಡಿಯವನ ಭಾಷೆಯನ್ನು ಕಲಿಯಿತು. ೨೦೨೦ರಲ್ಲಿ ಭರತ್ ಗೋಯಂಕಾ ಅವರಿಗೆ ಪದ್ಮಶ್ರೀ ಬಂತು. ಮನೆಯ ವ್ಯಾಪಾರದ ತೊಂದರೆಯೊಂದನ್ನು ಸರಿಪಡಿಸಲು ಹೊರಟದ್ದೇ ಅದರ ಮೂಲವೆಂಬುದನ್ನು ನಾವು ಮರೆಯಕೂಡದು.

ಎರಡನೆಯವರು ನಮ್ಮ ಜಿಲ್ಲೆಯವರು, ನಮ್ಮ ಮುಂಬಯಿಯಲ್ಲಿ ದುಡಿದವರು. ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ ೧೯೪೦ರಲ್ಲಿ ಹುಟ್ಟಿದ ಪದ್ಮನಾಭ ರಾಯರು, ಎಂದರೆ ಕೆ. ಪಿ. ರಾವ್. ಟಾಟಾ ಪ್ರೆಸ್, ಮೋನೋಟೈಪ್ ಮೊದಲಾದ ಸಂಸ್ಥೆಗಳಲ್ಲಿ ಅಕ್ಷರ ಜೋಡಣೆಯ ಹೊಸ ತಂತ್ರಗಳನ್ನು ಬಲ್ಲವರಾಗಿ ಕೆಲಸ ಮಾಡಿದವರು. ಕನ್ನಡವನ್ನು ಕಂಪ್ಯೂಟರಿನಲ್ಲಿ ಬರೆಯುವುದು ಹೇಗೆ ಎಂಬ ಪ್ರಶ್ನೆ ಬಂದಾಗ ಎಲ್ಲರೂ ಅಕ್ಷರದ ಆಕಾರಗಳನ್ನು ಎಣಿಸುತ್ತಿದ್ದರು. ತಲೆಕಟ್ಟು, ಕೊಂಬು, ಒತ್ತು ಎಂದು ಎಣಿಸಿದರೆ ನೂರಾರಾಗುತ್ತವೆ. ರಾಯರು ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದರು. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳೇ ಸಾಕೆಂದು ತೋರಿಸಿದರು. ‘ಕೆ’ ಒತ್ತಿದರೆ ಕ, ಅದನ್ನೇ ಮೇಲಿನ ಕೀಲಿಯೊಡನೆ ಒತ್ತಿದರೆ ಖ. ನಡುವೆ ‘ಎಫ್’ ಒತ್ತಿದರೆ ಒತ್ತಕ್ಷರ. ಯಾವ ಒತ್ತು ಎಲ್ಲಿ ಕೂರಬೇಕೆಂಬುದನ್ನು ಯಂತ್ರವೇ ನೋಡಿಕೊಳ್ಳುತ್ತದೆ. ತಾವು ಮಾಡಿದ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗಾಗಿ ‘ಸೇಡಿಯಾಪು’ ಎಂದು ಹೆಸರಿಟ್ಟು, ಕನ್ನಡಿಗರಿಗೆ ಪುಕ್ಕಟೆಯಾಗಿ ಕೊಟ್ಟರು. ಕರ್ನಾಟಕ ಸರಕಾರ ಒಪ್ಪಿದ ಕೀಲಿಮಣೆಗೆ ಅದೇ ಬುನಾದಿಯಾಯಿತು. ಇಂದು ಕನ್ನಡದಲ್ಲಿ ಟೈಪು ಮಾಡುವ ಸಾವಿರಾರು ಬೆರಳುಗಳು ಅವರ ದಾರಿಯಲ್ಲೇ ಓಡುತ್ತವೆ.

ಮೂರನೆಯವರು ಶೇಷಾದ್ರಿವಾಸು ಚಂದ್ರಶೇಖರನ್. ಅಮೆರಿಕೆಯಲ್ಲಿದ್ದುಕೊಂಡು ಬಿಡುವಿನ ಹೊತ್ತಿನಲ್ಲಿ ‘ಬರಹ’ ಎಂಬ ತಂತ್ರಾಂಶವನ್ನು ಬರೆದು ೧೯೯೮ರಲ್ಲಿ ಹೊರತಂದರು. ಇಂಗ್ಲಿಷ್ ಅಕ್ಷರಗಳಲ್ಲಿ ನುಡಿದಂತೆ ಒತ್ತಿದರೆ ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು. ವರ್ಷಗಳ ಕಾಲ ಅದನ್ನು ಬೆಲೆಯಿಲ್ಲದೆ ಹಂಚಿದರು. ಪರದೇಶಗಳಲ್ಲಿದ್ದ ಕನ್ನಡಿಗರು ತಾಯಿಗೆ ಕನ್ನಡದಲ್ಲೇ ಕಾಗದ ಬರೆಯುವಂತಾದದ್ದು ಇಂಥ ತಂತ್ರಾಂಶಗಳಿಂದ. ಮುಂದೆ ಅದು ಬೆಲೆಗೆ ಸಿಗುವ ಸರಕಾಯಿತು.

ಈ ಮೂವರನ್ನು ಜೊತೆಗಿಟ್ಟು ನೋಡಿದರೆ ನಮಗೊಂದು ಪಾಠವುಂಟು. ಒಬ್ಬರು ಮಾರಿ ಸಂಸ್ಥೆ ಕಟ್ಟಿದರು. ಒಬ್ಬರು ಸಂಬಳದ ಕೆಲಸದಲ್ಲಿ ಗಳಿಸಿದ ವಿದ್ಯೆಯನ್ನು ಭಾಷೆಗೆ ದಾನ ಮಾಡಿದರು. ಒಬ್ಬರು ಮೊದಲು ಕೊಟ್ಟು, ಹೆಸರು ಗಳಿಸಿ, ಆಮೇಲೆ ಬೆಲೆ ಕೇಳಿದರು. ಮೂವರೂ ತಮಗೆ ಚೆನ್ನಾಗಿ ಗೊತ್ತಿದ್ದ ಒಂದು ಲೋಕದ ಕಷ್ಟವನ್ನೇ ಕೈಗೆತ್ತಿಕೊಂಡರು: ವ್ಯಾಪಾರಿಯ ಮಗ ಲೆಕ್ಕವನ್ನು, ಮುದ್ರಣ ಬಲ್ಲವರು ಅಕ್ಷರವನ್ನು, ದೂರದೇಶದ ಕನ್ನಡಿಗ ಕನ್ನಡ ಬರವಣಿಗೆಯನ್ನು. ಹಾಗಾದರೆ ಹೋಟೆಲು ಕಾರ್ಮಿಕನ ಮಗ ಯಾವುದನ್ನು ಎತ್ತಿಕೊಳ್ಳಬೇಕು? ಉತ್ತರವನ್ನು ತಾವೇ ಊಹಿಸಬಲ್ಲಿರಿ.

ಹೋಟೆಲಿನ ವಿದ್ಯೆಯೇ ಬಂಡವಾಳ

೨೦೧೭ರ ಜುಲೈ ೧ರಂದು ಜಿಎಸ್‌ಟಿ ಬಂತು. ಅಂದು ಹವಾನಿಯಂತ್ರಣವಿಲ್ಲದ ಹೋಟೆಲಿಗೆ ನೂರಕ್ಕೆ ೧೨, ಇದ್ದುದಕ್ಕೆ ೧೮ ಎಂದು ತೆರಿಗೆ. ನಾಲ್ಕೂವರೆ ತಿಂಗಳಲ್ಲೇ, ನವೆಂಬರ್ ೧೫ರಿಂದ, ಸಾಮಾನ್ಯ ಹೋಟೆಲುಗಳಿಗೆಲ್ಲ ನೂರಕ್ಕೆ ೫ ಎಂದಾಯಿತು. ಆದರೆ ಕೊಂಡ ಸಾಮಾನಿನ ಮೇಲೆ ಕಟ್ಟಿದ ತೆರಿಗೆಯನ್ನು ಕಳೆಯುವಂತಿಲ್ಲ ಎಂಬ ಕಟ್ಟೂ ಬಂತು. ಎಂದರೆ ಪ್ರತಿಯೊಂದು ಹೋಟೆಲಿನ ಬಿಲ್ಲಿನ ಯಂತ್ರವನ್ನೂ ಐದು ತಿಂಗಳೊಳಗೆ ಎರಡು ಸಲ ಬದಲಾಯಿಸಬೇಕಾಯಿತು. ದೂರದ ದೊಡ್ಡ ಕಂಪನಿಗೆ ಫೋನು ಮಾಡಿದರೆ, ದೂರು ದಾಖಲಾಗಿದೆ ಎಂಬ ಉತ್ತರ. ಹೋಟೆಲಾದರೋ ಬೆಳಗಿನ ಐದು ಗಂಟೆಗೆ ಇಡ್ಲಿ ಇಳಿಸಬೇಕು. ಮೊದಲ ಗಿರಾಕಿ ಆರು ಗಂಟೆಯ ಗಾಡಿ ಹಿಡಿಯುವವನು. ಆ ಹೊತ್ತಿಗೆ ಬಿಲ್ಲು ಸರಿಯಾಗಿರಬೇಕೆಂದು ಬಲ್ಲವನು, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬಂದು ಸರಿಪಡಿಸಿ ಹೋಗುವವನು, ಹತ್ತಿರದವನೇ ಆಗಬೇಕು.

ಇನ್ನೊಂದು ವಿಷಯ. ‘ಪಾರ್ಸೆಲ್’ ಬಿಲ್ಲು ಬೇರೆ, ಕಾಯಂ ಗಿರಾಕಿಯ ತಿಂಗಳ ಬಿಲ್ಲು ಬೇರೆ, ಎರಡು ಮೇಜು ಸೇರಿಸಿದಾಗ ಬಿಲ್ಲು ಹೇಗೆ, ಅರ್ಧ ಪ್ಲೇಟು ಹೇಗೆ, ಸಾಂಬಾರು ಮತ್ತೆ ಕೇಳಿದರೆ ಬಿಲ್ಲಿಲ್ಲ ಎಂಬುದು ಹೇಗೆ, ಇದನ್ನೆಲ್ಲ ಯಾವ ಕಾಲೇಜೂ ಕಲಿಸುವುದಿಲ್ಲ. ಗಲ್ಲದ ಪಕ್ಕದಲ್ಲಿ ಬೆಳೆದ ಹುಡುಗನಿಗೆ ಅದು ಹಾಲಿನೊಡನೆ ಬಂದ ವಿದ್ಯೆ. ತಂದೆ ಮೂವತ್ತು ವರ್ಷ ದುಡಿದು ಗಳಿಸಿದ ಅನುಭವವೇ ಮಗನ ಬಂಡವಾಳ. ಇದನ್ನು ಗೌರವದಿಂದ ಕಾಣಲು ನಮ್ಮ ಮಕ್ಕಳಿಗೆ ಕಲಿಸಬೇಕು.

ಕಲಿಯುವ ಸಾಧನಗಳು ಬಡವರ ಕೈಗೂ ನಿಲುಕುವಂತಿವೆ. ಸರಕಾರದ ಐಟಿಐಗಳಲ್ಲಿ ಹತ್ತನೆಯ ಇಯತ್ತೆ ಮುಗಿಸಿದವರಿಗೆ ಕಂಪ್ಯೂಟರ್ ಚಾಲನೆ ಮತ್ತು ತಂತ್ರಾಂಶ ಸಹಾಯಕರ ಒಂದು ವರ್ಷದ ಶಿಕ್ಷಣವಿದೆ. ಪವಯಿಯ ಐಐಟಿಯವರ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯ ಪಾಠಗಳು ಪುಕ್ಕಟೆಯಾಗಿ ಸಿಗುತ್ತವೆ, ಹಲವು ಪಾಠಗಳು ಕನ್ನಡದಲ್ಲೇ ಇವೆ. ಲಿನಕ್ಸ್, ಪೈಥಾನ್ ಮೊದಲಾದ ಒಳ್ಳೆಯ ಸಲಕರಣೆಗಳಿಗೆ ಬೆಲೆಯೇ ಇಲ್ಲ. ಆದರೆ ಕಲಿತೊಡನೆ ಸ್ವತಂತ್ರನಾಗಬಾರದು. ಮೂರು ನಾಲ್ಕು ವರ್ಷ ಬೇರೆಯವರ ಕೈಕೆಳಗೆ ದುಡಿದು, ಹತ್ತು ಜನ ಕೂಡಿ ಕೆಲಸ ಮಾಡುವ ಶಿಸ್ತನ್ನು ಕಲಿಯಬೇಕು. ಸಪ್ಲೈಯರನಾಗದೆ ಮಾಲಿಕನಾದವನ ಹೋಟೆಲು ನಡೆದೀತೇ?

ಹೊಟ್ಟೆಪಾಡಿನ ಲೆಕ್ಕ

ಈಗ ತಂದೆಯ ಪ್ರಶ್ನೆಗೆ ಬರೋಣ. ಉದಾಹರಣೆಗೆ ಒಬ್ಬನಿಗೆ ಕಂಪನಿಯಲ್ಲಿ ತಿಂಗಳಿಗೆ ೪೦,೦೦೦ ರೂಪಾಯಿ ಪಗಾರವೆನ್ನಿ. ತಿಂಗಳಿಗೆ ೨೬ ದಿನದ ಕೆಲಸವೆಂದರೆ ದಿನಕ್ಕೆ ಸುಮಾರು ೧,೫೪೦. ಸ್ವತಂತ್ರನಾದ ಮೇಲೆ ದಿನಕ್ಕೆ ೧,೫೪೦ ಕೇಳಿದರೆ ಸರಿಹೋಯಿತೆಂದು ಹುಡುಗರು ಭಾವಿಸುತ್ತಾರೆ. ಕೂಡಿ ನೋಡೋಣ.

ವರ್ಷಕ್ಕೆ ೩೬೫ ದಿನ. ಭಾನುವಾರ ೫೨ ಕಳೆಯಿರಿ, ಹಬ್ಬ, ಕಾಯಿಲೆ, ಊರಿಗೆ ಹೋಗಿ ಬರುವುದು ಎಂದು ೨೮ ಕಳೆಯಿರಿ, ಉಳಿದದ್ದು ೨೮೫. ಅದರಲ್ಲಿ ಮೂರನೆಯ ಒಂದು ಪಾಲು ಗಿರಾಕಿ ಹುಡುಕುವುದಕ್ಕೆ, ಬಾಕಿ ವಸೂಲಿಗೆ, ಹೊಸ ವಿದ್ಯೆ ಕಲಿಯುವುದಕ್ಕೆ ಹೋಗುತ್ತದೆ. ಹಣ ಬರುವ ದಿನ ೧೯೦ ಮಾತ್ರ. ಕಂಪನಿಯ ಪಗಾರದಷ್ಟೇ ಬೇಕೆಂದರೆ ವರ್ಷಕ್ಕೆ ೪,೮೦,೦೦೦. ಜೊತೆಗೆ ಕಂಪ್ಯೂಟರಿನ ಸವೆತ, ವಿದ್ಯುತ್ತು, ಆರೋಗ್ಯ ವಿಮೆ, ಕಂಪನಿ ಕಟ್ಟುತ್ತಿದ್ದ ಭವಿಷ್ಯ ನಿಧಿಗೆ ಬದಲಾಗಿ ಸ್ವಂತ ಉಳಿತಾಯ ಎಂದು ೧,೨೦,೦೦೦ ಹಿಡಿಯಿರಿ. ಒಟ್ಟು ೬,೦೦,೦೦೦. ಅದನ್ನು ೧೯೦ರಿಂದ ಭಾಗಿಸಿದರೆ ದಿನಕ್ಕೆ ಸುಮಾರು ೩,೧೬೦ ರೂಪಾಯಿ. ೧,೫೪೦ಕ್ಕೆ ಒಪ್ಪಿಕೊಂಡವನು ಅರ್ಧ ಪಗಾರಕ್ಕೆ ದುಡಿಯುತ್ತಿದ್ದಾನೆ, ಅದು ಅವನಿಗೇ ತಿಳಿದಿರುವುದಿಲ್ಲ. ವರ್ಷದ ಕೊನೆಗೆ ಸಾಲದ ಕಾಗದ ಬಂದಾಗ ತಿಳಿಯುತ್ತದೆ.

ಆದ್ದರಿಂದಲೇ ಬಿಡಿ ಕೆಲಸಕ್ಕಿಂತ ವರ್ಷದ ಪಾಲನೆಯ ಕೆಲಸವನ್ನು ಹಿಡಿಯಬೇಕೆನ್ನುತ್ತೇನೆ. ನಲವತ್ತು ಹೋಟೆಲುಗಳು ತಲಾ ೬,೦೦೦ ರೂಪಾಯಿ ವರ್ಷಕ್ಕೆ ಕೊಟ್ಟರೆ ೨,೪೦,೦೦೦ ಬಂತು. ಪಗಾರದ ಅರ್ಧ ಭದ್ರವಾಯಿತು. ಕಾಯಂ ಊಟದ ಗಿರಾಕಿಗಳಿಂದ ಖಾನಾವಳಿಯ ಬಾಡಿಗೆ ಹೊರಡುವಂತೆ ಇದು. ಆದರೆ ಎಲ್ಲ ಮೊಟ್ಟೆಗಳನ್ನೂ ಹೋಟೆಲೆಂಬ ಒಂದೇ ಬುಟ್ಟಿಯಲ್ಲಿ ಇಟ್ಟವರಿಗೆ ೨೦೨೦ರ ಮಾರ್ಚಿನ ಬಂದ್ ಪಾಠ ಕಲಿಸಿತು. ಹೋಟೆಲು ಮುಚ್ಚಿತು, ಬಿಲ್ಲು ನಿಂತಿತು, ಬಿಲ್ಲಿನ ತಂತ್ರಾಂಶಕ್ಕೆ ಹಣ ಕೊಡುವವರಿಲ್ಲ. ಔಷಧದ ಅಂಗಡಿ, ಕಿರಾಣಿ ಅಂಗಡಿಗಳ ಕೆಲಸವನ್ನೂ ಹಿಡಿದಿದ್ದವರು ಬದುಕಿಕೊಂಡರು.

ಕಾಗದವೇ ಸಾಕ್ಷಿ

ಈ ಕಸುಬಿನಲ್ಲಿ ಕೆಲಸ ಬಾರದೆ ಕೆಟ್ಟವರಿಗಿಂತ ಕಾಗದ ಮಾಡಿಕೊಳ್ಳದೆ ಕೆಟ್ಟವರೇ ಹೆಚ್ಚು. ಎರಡು ಕಾನೂನುಗಳನ್ನು ಪ್ರತಿಯೊಬ್ಬ ಹುಡುಗನೂ ಹುಡುಗಿಯೂ ತಿಳಿದಿರಬೇಕು.

ಒಂದು, ೧೯೫೭ರ ಕೃತಿಸ್ವಾಮ್ಯದ ಕಾನೂನು. ೧೯೮೪ರ ತಿದ್ದುಪಡಿಯಿಂದ ತಂತ್ರಾಂಶವೂ ಸಾಹಿತ್ಯ ಕೃತಿಯೊಡನೆ ಅದರಲ್ಲಿ ಸೇರಿದೆ. ನೌಕರನಾಗಿ ಬರೆದದ್ದರ ಒಡೆತನ, ಬೇರೆ ಕರಾರಿಲ್ಲದಿದ್ದರೆ, ಧಣಿಯದು. ಸ್ವತಂತ್ರ ಗುತ್ತಿಗೆಯಲ್ಲಿ ಬರೆದದ್ದರ ಒಡೆತನ, ಬರವಣಿಗೆಯಲ್ಲಿ ಸಹಿ ಹಾಕಿ ಬಿಟ್ಟುಕೊಡುವ ತನಕ, ಬರೆದವನದು. ಬಿಟ್ಟುಕೊಟ್ಟ ಕಾಗದದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷವೆಂದೇ ಅರ್ಥ. ಸ್ಥಳ ಬರೆಯದಿದ್ದರೆ ಭಾರತದ ಮಟ್ಟಿಗೆಂದೇ ಅರ್ಥ. ಒಂದೇ ಬಿಲ್ಲಿನ ತಂತ್ರಾಂಶವನ್ನು ನಲವತ್ತು ಹೋಟೆಲಿಗೆ ಕೊಟ್ಟು ಬದುಕಬೇಕಾದವನು, ಮೊದಲ ಹೋಟೆಲಿನವರು ಕೊಟ್ಟ ಕಾಗದಕ್ಕೆ ಓದದೆ ಸಹಿ ಹಾಕಿ ಎಲ್ಲ ಹಕ್ಕನ್ನೂ ಬರೆದುಕೊಟ್ಟರೆ, ಉಳಿದ ಮೂವತ್ತೊಂಬತ್ತು ಬಾಗಿಲು ಅಲ್ಲಿಗೇ ಮುಚ್ಚಿದಂತೆ. ಉಪಯೋಗಿಸುವ ಅನುಮತಿಯನ್ನು ಕೊಡಬೇಕು, ಒಡೆತನವನ್ನು ಉಳಿಸಿಕೊಳ್ಳಬೇಕು.

ಎರಡು, ೨೦೦೬ರ ಸಣ್ಣ ಉದ್ಯಮಗಳ ಕಾನೂನು. ‘ಉದ್ಯಮ್’ ನೋಂದಣಿ ಸರಕಾರದ ಜಾಲತಾಣದಲ್ಲಿ ಪುಕ್ಕಟೆ. ಅದಕ್ಕೆ ಯಾವ ದಲ್ಲಾಳಿಗೂ ಹಣ ಕೊಡಬೇಕಾಗಿಲ್ಲ. ನೋಂದಣಿಯಾದ ಸಣ್ಣ ಉದ್ಯಮಿಯ ಹಣವನ್ನು ಗಿರಾಕಿ ಸಂಸ್ಥೆಯು ಹೆಚ್ಚೆಂದರೆ ೪೫ ದಿನಗಳೊಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಕೊಡದಿದ್ದರೆ ದೂರು ಕೇಳಲು ಪರಿಷತ್ತುಂಟು. ಕೆಲವು ವರ್ಷಗಳ ಹಿಂದೆ ಒಬ್ಬ ಕಾರ್ಖಾನೆಯ ಮಾಲಿಕರಿಗೆ ದಾಸ್ತಾನಿನ ತಂತ್ರಾಂಶ ಮಾಡಿಕೊಟ್ಟೆ. ಹೆಸರು ಬೇಡ. ಒಂಬತ್ತು ತಿಂಗಳು ‘ಇಂದು ನಾಳೆ’ ಎಂದರು. ಒಪ್ಪಂದದ ಪ್ರತಿ, ಬಿಲ್ಲಿನ ಪ್ರತಿ, ನೋಂದಣಿಯ ಸಂಖ್ಯೆ, ಈ ಕಾನೂನಿನ ಹೆಸರು ಇಷ್ಟನ್ನೂ ಬರೆದು ಒಂದು ಕಾಗದ ಕಳಿಸಿದೆ. ಹನ್ನೊಂದನೆಯ ದಿನ ಅಸಲು ಬಂತು. ಬಡ್ಡಿಯನ್ನು ನಾನೇ ಬಿಟ್ಟೆ. ಜಗಳವಾಡಿದ್ದರೆ ನನ್ನ ಗಂಟಲು ಒಣಗುತ್ತಿತ್ತು. ಕಾಗದ ಆ ಕೆಲಸ ಮಾಡಿತು.

ಸೇವೆಯ ವಾರ್ಷಿಕ ವಹಿವಾಟು ೨೦ ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕೆಂಬುದನ್ನೂ ನೆನಪಿಡಿ. ಆದಾಯ ತೆರಿಗೆಯ ಲೆಕ್ಕವನ್ನು ಮೊದಲ ದಿನದಿಂದಲೇ ಇಡಿ. ಮನೆಯ ಹಣ, ಕಸುಬಿನ ಹಣ ಎರಡಕ್ಕೂ ಬೇರೆ ಬೇರೆ ಬ್ಯಾಂಕ್ ಖಾತೆ ಇರಲಿ.

ಯಂತ್ರ ಬರೆಯುವ ಕಾಲ

೨೦೨೨ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ತಂತ್ರಾಂಶವನ್ನು ಯಂತ್ರವೇ ಬರೆಯುತ್ತದೆ, ಇನ್ನು ಈ ಕಸುಬೇ ಇಲ್ಲ ಎನ್ನುವವರಿದ್ದಾರೆ. ಯಂತ್ರ ಬರೆಯುವುದು ನಿಜ. ನಾನೂ ಅದನ್ನು ಬಳಸುತ್ತೇನೆ. ಮೂರು ದಿನದ ಕೆಲಸ ಒಂದು ದಿನಕ್ಕೆ ಇಳಿದದ್ದುಂಟು. ಬರೀ ಟೈಪು ಮಾಡಿ ಬದುಕುತ್ತಿದ್ದವರಿಗೆ ಇದರಿಂದ ಪೆಟ್ಟು ಬೀಳುತ್ತದೆ, ಅದನ್ನು ಮುಚ್ಚಿಡಬಾರದು. ಮಗ್ಗಕ್ಕೆ ಯಂತ್ರ ಬಂದಾಗ ಏನಾಯಿತೆಂದು ತಾವು ಬಲ್ಲಿರಿ. ಆದರೆ ಹಿಟ್ಟು ರುಬ್ಬುವ ಯಂತ್ರ ಬಂದ ಮಾತ್ರಕ್ಕೆ ಉದ್ದು ಎಷ್ಟು, ಅಕ್ಕಿ ಎಷ್ಟು, ಮಳೆಗಾಲದಲ್ಲಿ ಹುದುಗು ಎಷ್ಟು ಹೊತ್ತು ಎಂದು ಬಲ್ಲ ಅಡಿಗೆಯವನು ಬೇಡವಾದನೇ? ಗಿರಾಕಿಯ ಕಷ್ಟವನ್ನು ಕೇಳಿ ತಿಳಿಯುವುದು, ಯಂತ್ರ ಬರೆದದ್ದು ಸರಿಯೇ ಎಂದು ಪರೀಕ್ಷಿಸುವುದು, ತಪ್ಪಿದರೆ ರಾತ್ರಿ ಬಂದು ಹೊಣೆ ಹೊರುವುದು, ಇವು ಉಳಿಯುತ್ತವೆ. ಅದನ್ನು ಕಲಿತವನು ಉಳಿಯುತ್ತಾನೆ.

ಸಂಘದ ಪಾಲು

ಬಂಧುಗಳೆ, ಈಗ ಮುಖ್ಯವಾದ ಮಾತು. ಸ್ವತಂತ್ರ ತಂತ್ರಾಂಶಗಾರನೂ ಕಾರ್ಮಿಕನೇ. ಅವನಿಗೆ ಪಾಳಿಯಿಲ್ಲ, ಆದ್ದರಿಂದ ಕೆಲಸ ಮುಗಿಯುವ ಹೊತ್ತೂ ಇಲ್ಲ. ಬೋನಸ್ಸಿಲ್ಲ, ಇಎಸ್‌ಐ ಇಲ್ಲ, ಗ್ರಾಚ್ಯುಟಿ ಇಲ್ಲ. ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ‘ಗಿಗ್ ಕಾರ್ಮಿಕ’ ಎಂಬ ಹೆಸರು ಕಾನೂನಿನೊಳಗೆ ಬಂದಿದೆ. ಹೆಸರು ಬಂದಿತೆಂದು ಹೊ‌ಟ್ಟೆ ತುಂಬುವುದಿಲ್ಲ. ನೂರು ಜನ ಕೂಡಿ ದುಡಿಯುವಲ್ಲಿ ಯೂನಿಯನ್ ಕಟ್ಟಬಹುದು. ಒಬ್ಬೊಬ್ಬರೇ ಒಂದೊಂದು ಖೋಲಿಯಲ್ಲಿ ದುಡಿಯುವಲ್ಲಿ ಅವರನ್ನು ಕೂಡಿಸುವವರು ಯಾರು? ನಮ್ಮಂಥ ಸಂಘಗಳೇ ಕೂಡಿಸಬೇಕು.

ಹಗಲೆಲ್ಲ ಮೇಜು ಒರೆಸಿದ ಹುಡುಗರಿಗಾಗಿ ಮುಂಬಯಿಯ ಕನ್ನಡಿಗರು ರಾತ್ರಿ ಶಾಲೆಗಳನ್ನು ನಡೆಸಿದರು. ಅಲ್ಲಿ ಕಲಿತವರು ವಕೀಲರಾದರು, ಬ್ಯಾಂಕಿನವರಾದರು, ಹೋಟೆಲು ಮಾಲಿಕರಾದರು. ಆ ದೀಪವನ್ನೇ ಹೊಸ ಎಣ್ಣೆಯಿಂದ ಉರಿಸಬೇಕು. ನನ್ನ ಸೂಚನೆಗಳು ನಾಲ್ಕು. ಸಂಘದ ಒಂದು ಕೋಣೆಯಲ್ಲಿ ನಾಲ್ಕಾರು ಕಂಪ್ಯೂಟರುಗಳನ್ನಿಟ್ಟು ರಾತ್ರಿ ಕಲಿಯುವ ಅನುಕೂಲ ಮಾಡಬೇಕು. ಒಬ್ಬ ವಕೀಲರಿಂದ ಮಾದರಿ ಒಪ್ಪಂದದ ಕಾಗದವೊಂದನ್ನು ಕನ್ನಡ, ಮರಾಠಿ, ಇಂಗ್ಲಿಷಿನಲ್ಲಿ ಬರೆಯಿಸಿಡಬೇಕು. ಕಾಯಿಲೆ ಬಿದ್ದವನ ಗಿರಾಕಿಗಳನ್ನು ಇನ್ನೊಬ್ಬನು ನೋಡಿಕೊಳ್ಳುವಂತೆ, ಗಿರಣಿಯ ಬದಲಿಯ ಹಾಗೆ, ಪರಸ್ಪರ ಏರ್ಪಾಡು ಮಾಡಬೇಕು. ನಾಲ್ಕನೆಯದು ಇಲ್ಲಿ ಕುಳಿತಿರುವ ಹೋಟೆಲು ಮಾಲಿಕರಿಗೆ: ನಮ್ಮ ಹುಡುಗರಿಗೆ ಮೊದಲ ಕೆಲಸ ಕೊಡಿ, ಆದರೆ “ನಮ್ಮವನೇ ತಾನೆ” ಎಂದು ಪುಕ್ಕಟೆ ಮಾಡಿಸಿಕೊಳ್ಳಬೇಡಿ. ನಮ್ಮವನೆಂದು ನೀವು ಯಾರಿಗೂ ದಿನವೂ ದೋಸೆ ಪುಕ್ಕಟೆ ಕೊಡುವುದಿಲ್ಲವಷ್ಟೆ!

ತಂದೆ ತಾಯಂದಿರಿಗೆ ಒಂದು ಮಾತು. ನೌಕರಿ ಬಿಡುತ್ತೇನೆಂದು ಮಗನೋ ಮಗಳೋ ಹೇಳಿದಾಗ ಬೈಯಬೇಡಿ, ಒಮ್ಮೆಗೇ ಒಪ್ಪಲೂ ಬೇಡಿ. ಮೂರು ಪ್ರಶ್ನೆ ಕೇಳಿ. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿದೆಯೇ? ಹಣ ಕೊಡಲು ಒಪ್ಪಿ ಸಹಿ ಹಾಕಿದ ಇಬ್ಬರು ಗಿರಾಕಿಗಳಾದರೂ ಇದ್ದಾರೆಯೇ? ಮನೆಯವರಿಗೆಲ್ಲ ಆರೋಗ್ಯ ವಿಮೆ ಮಾಡಿಸಿದ್ದಾಯಿತೇ? ಮೂರಕ್ಕೂ ಹೌದೆಂದರೆ ಹರಸಿ ಕಳಿಸಿ. ಒಂದಕ್ಕೆ ಇಲ್ಲವೆಂದರೂ ಇನ್ನೊಂದು ವರ್ಷ ನೌಕರಿ ಮಾಡಲಿ. ಸಂಜೆಯ ಹೊತ್ತು ಸ್ವಂತ ಕೆಲಸ ಬೆಳೆಸಲಿ, ಆದರೆ ಕಂಪನಿಯ ಕರಾರಿನಲ್ಲಿ ಅದಕ್ಕೆ ಅಡ್ಡಿಯಿದೆಯೇ ಎಂದು ಮೊದಲು ಓದಲಿ. ಊರಿನ ಮನೆಯನ್ನೂ ತಾಯಿಯ ಬಂಗಾರವನ್ನೂ ಮಾತ್ರ ಈ ಕಸುಬಿಗೆ ಅಡವಿಡಬೇಡಿ. ಒಂದು ಕಂಪ್ಯೂಟರು, ಒಂದು ಮೇಜು, ತಲೆಯೊಳಗಿನ ವಿದ್ಯೆ ಇಷ್ಟರಿಂದ ಆರಂಭವಾಗುವ ಉದ್ಯಮ ಇದು. ಹಾಸಿಗೆ ಇದ್ದಷ್ಟೇ ಕಾಲು ಚಾಚಿ ಬೆಳೆಯಬಹುದು.

  ಕಲಿಯಬೇಕೆನ್ನುವ ಹುಡುಗ ಹುಡುಗಿಯರು ಸಭೆ ಮುಗಿದ ಮೇಲೆ ಹೆಸರು ಕೊಟ್ಟು ಹೋಗಲಿ. ಮುಂದಿನ ಭಾನುವಾರದಿಂದಲೇ ಆರಂಭಿಸೋಣ.